18,000 ರೂಪಾಯಿ ಬ್ಯಾಟಿಗೆ ಮುಯ್ಯಾಳು

ಹೋದ ವರ್ಷ ಮಗನ 15ನೇ ಹುಟ್ಟುಹಬ್ಬಕ್ಕೆ ಅವನ ಗೆಳೆಯ ಇಂಗ್ಲಿಷ್ ವಿಲ್ಲೋ ಮರದ ಕ್ರಿಕೆಟ್ ಬ್ಯಾಟ್ ಕೊಟ್ಟ. ಮೀರತ್ತಿನಲ್ಲಿ ಮಾಡಿದ್ದು, ಮರ ಇಂಗ್ಲೆಂಡಿನದು. ಬೆಲೆ 18,000ದ ಆಸುಪಾಸು. ಮದುವೆ ಸೀಸನ್ ಇಲ್ಲದ ತಿಂಗಳಲ್ಲಿ ನನ್ನ ಹೊಲಿಗೆಯಿಂದ ಅಷ್ಟು ಹುಟ್ಟುವುದಿಲ್ಲ. ಅಲ್ಲಿವರೆಗೆ ಮಗ ಆಡುತ್ತಿದ್ದದ್ದು 2,000ದ ಕಾಶ್ಮೀರ ವಿಲ್ಲೋದಲ್ಲಿ.

ಮೊದಲು ವಾಪಸ್ ಕಳಿಸಿದೆ. ದೊಡ್ಡ ತಪ್ಪು. ಆ ಹುಡುಗ ಅದನ್ನು ನಮ್ಮ ಗೇಟಿಗೆ ಒರಗಿಸಿಟ್ಟು ಹೋದ. 15 ದಿನ ಇಬ್ಬರಿಗೂ ಮಾತಿಲ್ಲ. ಆಮೇಲೆ ಚೀಟಿ ದುಡ್ಡಿನಲ್ಲಿ 2,200 ಮುರಿದು ಅವನಿಗೊಂದು ಶರ್ಟ್ ತಂದೆ. ಒಂದು ದಿನವೂ ಹಾಕಿದ್ದು ಕಾಣಲಿಲ್ಲ. ಕೊನೆಗೆ ನಮ್ಮ ಯಜಮಾನರು ಬ್ಯಾಟನ್ನು ಬೀರು ಮೇಲಿಟ್ಟರು. ಎರಡು ತಿಂಗಳು ಮಗ ಕತ್ತೆತ್ತಿ ನೋಡಿದ್ದೇ ಬಂತು.

ಒಂದಿನ ನಮ್ಮ ಮದುವೆಯ ಮುಯ್ಯಿ ಪುಸ್ತಕ ಕೈಗೆ ಸಿಕ್ಕಿತು. ಆಗ ಊರಿನ ಮುಯ್ಯಾಳು ನೆನಪಾಯಿತು. ನಮ್ಮ ನಾಟಿಗೆ ನೀವು, ನಿಮ್ಮ ಕೊಯ್ಲಿಗೆ ನಾವು. ಜಮೀನು ಎಷ್ಟಿದ್ದರೂ ಆಳಿಗೆ ಆಳು ಲೆಕ್ಕ, ದುಡ್ಡಿನ ಮಾತಿಲ್ಲ. "ನೀನೂ ಮುಯ್ಯಾಳು ಹೋಗು" ಅಂದೆ. "ಸಾಹುಕಾರರ ಮನೆಗೆ ಮಗನನ್ನ ಆಳು ಮಾಡ್ತೀಯಾ?" ಅಂತ ವಾರಗಿತ್ತಿ ರೇಗಿದಳು.

ಕೆಲಸ ಬ್ಯಾಟಿನಲ್ಲೇ ಸಿಕ್ಕಿತು. ಹೊಸ ಬ್ಯಾಟಿಗೆ ಐದಾರು ಗಂಟೆಯಾದರೂ ನಾಕಿಂಗ್ ಬೇಕು, ಅಂದರೆ ಆಟಕ್ಕಿಳಿಸುವ ಮುಂಚೆ ಸುತ್ತಿಗೆಯಿಂದ ಬಡಿದು ಮರ ಹದ ಮಾಡುವುದು; ಅಷ್ಟು ತಾಳ್ಮೆ ಯಾವ ಹುಡುಗನಿಗಿದೆ? 350 ಕೊಟ್ಟು ಮರದ ಸುತ್ತಿಗೆ ತಂದೆ. ಹಳೇ ಕಾಶ್ಮೀರದ ಮೇಲೆ ಮೊದಲ ಪ್ರಯೋಗ. ಮಗ ಅಂಚಿಗೆ ನೇರ ಹೊಡೆದು ಸೀಳಿಸಿದ, ಓರೆಯಾಗಿ ಹೊಡೆಯಬೇಕಿತ್ತು. ಅಗಸೆ ಎಣ್ಣೆ ಬದಲು ಕೊಬ್ಬರಿ ಎಣ್ಣೆ ಹಚ್ಚಿ ನೋಡಿದೆವು. ಅದೂ ಜಾಸ್ತಿ ಹಚ್ಚಿ ಬ್ಯಾಟ್ ಭಾರವಾಯಿತು. ಅಡುಗೆಮನೆಯ ತಕ್ಕಡಿಯಲ್ಲಿ 40 ಗ್ರಾಂ ಹೆಚ್ಚು ತೋರಿಸಿದ ನೆನಪು. ಮೂರನೇ ವಾರಕ್ಕೆ ಕೈ ಕೂತಿತು. ಮೊದಮೊದಲು ಮಂಕಾಗಿ ಟಪ್ ಅನ್ನುತ್ತಿದ್ದ ಮರ ಆಮೇಲೆ ಟಣ್ ಅನ್ನುತ್ತದೆ. ಕೊನೆಯ ಅರ್ಧ ಗಂಟೆ ಅವನು ಸುತ್ತಿಗೆ ಬಿಟ್ಟು ಬೇರೇನೋ ಬಳಸುತ್ತಾನೆ. ಅದನ್ನು ಬರೆಯಲಾರೆ, ಅವನ ಸ್ವತ್ತು.

ಗೆಳೆಯನ ಹೊಸ ಬ್ಯಾಟ್, ಅವನ ಅಣ್ಣನದ್ದು, ಆಮೇಲೆ ಟೀಮಿನವರದ್ದು. ಹನ್ನೆರಡೋ ಹದಿಮೂರೋ ಆಗಿರಬೇಕು. ಒಂದು ಭಾನುವಾರಕ್ಕೆ ಒಂದು ಆಳು ಅಂತ ಮಗ ನೋಟ್‌ಬುಕ್ಕಿನಲ್ಲಿ ಬರೆದ. ರೂಪಾಯಿಗೆ ತಿರುಗಿಸಬಾರದು ಅನ್ನುವುದೊಂದೇ ನನ್ನ ಷರತ್ತು. ಲೆಕ್ಕ ತೀರುವ ಮುಂಚೆಯೇ ಬೀರು ಮೇಲಿನ ಬ್ಯಾಟ್ ಮೈದಾನಕ್ಕಿಳಿಯಿತು. ಈಗ ಅದೇ ವಾರಗಿತ್ತಿ, ಮಗಳಿಗೆ ಯಾರೋ ಕೊಟ್ಟ ಫೋನಿಗೆ ಏನು ಮಾಡಲಿ ಅಂತ ನನ್ನನ್ನೇ ಕೇಳುತ್ತಾಳೆ.

ದಸರಾ ಹೊತ್ತಿಗೆ ಸೀರೆ ಕುಚ್ಚಿನ ಕೆಲಸ ರಾಶಿ ಬಿದ್ದಿತ್ತು. ಆ ಹುಡುಗ ಬಂದು ಜಗಲಿಯಲ್ಲಿ ಕೂತ. "ಆಂಟಿ, ನಂಗೂ ಹೇಳಿಕೊಡಿ." ಅವಲಕ್ಕಿ ತಿನ್ನುತ್ತಾ, ದಾರ ಗಂಟುಗಂಟಾಗಿಸಿಕೊಂಡು, ಸಂಜೆವರೆಗೆ ಎಂಟು ಕುಚ್ಚು ಕಟ್ಟಿದ. ಮಗ ನೋಟ್‌ಬುಕ್ ತೆಗೆದು ಬರೆದುಕೊಂಡ: ಅರ್ಧ ಆಳು, ನಮ್ಮ ಬಾಕಿ.