ಗುಚಿನ್‌ನ ಜಾರು ಕೂತಿದ್ದು ಬ್ರಷ್ ಹಿಡಿದ ಮೇಲೆ: ನನ್ನ ಅನುಭವ

ಚೀನಾದ ಏಳು ತಂತಿಯ ವಾದ್ಯ ಗುಚಿನ್‌ನ ಲಯವನ್ನು ಮಸಿಯಲ್ಲಿ ಗೆರೆ ಎಳೆದು ಸರಿ ಮಾಡಿಕೊಳ್ಳುತ್ತೇನೆ ಅಂದಾಗ ಹಾಂಗ್‌ಝೋನ ನಮ್ಮ ಬಳಗದಲ್ಲಿ ನಗದವರಿಲ್ಲ. ಈಗ ಪಿಂಗ್‌ಶಾ ಲುಒಯೆನ್ ಎಂಬ ಹಳೆಯ ಕೃತಿಯನ್ನು ಪೂರ್ತಿ ನುಡಿಸುತ್ತೇನೆ. ನಕ್ಕವರಲ್ಲೇ ಕೆಲವರು ಮಸಿ ಬಾಟಲಿ ತಂದುಕೊಂಡಿದ್ದಾರೆ.

ತೊಂದರೆ ಇದ್ದದ್ದು ಲಯದ್ದೇ. ಗುಚಿನ್‌ನ ಸ್ವರಲಿಪಿ ಜ್ಯೆನ್‌ಝಿಪು ಯಾವ ತಂತಿ, ಯಾವ ಬೆರಳು, ಎಷ್ಟನೇ ಹುಯಿ (ಹಲಗೆಯ ಮೇಲಿನ ಗುರುತಿನ ಚುಕ್ಕೆ) ಎಂದು ಹೇಳುತ್ತದೆ, ಎಷ್ಟು ಹೊತ್ತು ಅಂತ ಹೇಳುವುದಿಲ್ಲ. ಪಿಂಗ್‌ಶಾ ಲುಒಯೆನ್ 1634ರಲ್ಲೇ ಅಚ್ಚಾಗಿದ್ದರೂ ಇವತ್ತಿಗೂ ಒಬ್ಬೊಬ್ಬರದು ಒಂದೊಂದು ದಾಪು, ಅಂದರೆ ಲಿಪಿಯಿಂದ ಲಯ ಕಟ್ಟಿಕೊಳ್ಳುವ ರೀತಿ. ಮೆಟ್ರೊನೋಮ್ ಇಟ್ಟೆ, ತಂತಿಯ ಮೇಲೆ ಬೆರಳು ಎಳೆಯುವ ಜಾರುಗಳೆಲ್ಲ ಪೊಲೀಸ್ ಕವಾಯತಿನ ಥರ ಆದವು. ದೊಡ್ಡವರ ರೆಕಾರ್ಡಿಂಗ್ ನಿಧಾನ ಮಾಡಿ ನಕಲು ಮಾಡಿದೆ, ಅದೂ ಕೈಗೆ ಹತ್ತಲಿಲ್ಲ. ನಾನು ವೀಣೆಯಿಂದ ಬಂದವನು. ನಾದ ಸಾಯುವ ಮೊದಲೇ ಇನ್ನೊಂದು ಮೀಟು ಹಾಕುವ ಚಟ. ರೇಷ್ಮೆ ತಂತಿ ಹಾಕು, ಸರಿಹೋಗುತ್ತೆ ಅಂದರು. ಸೆಟ್ಟಿಗೆ ಏಳೆಂಟುನೂರು ಯುವಾನ್ ಇರಬೇಕು. ಜೂನ್ ಮಳೆಯಲ್ಲಿ ಶ್ರುತಿ ನಿಲ್ಲಲಿಲ್ಲ, ಏಳನೇ ತಂತಿ ಪಟ್ ಅಂತ ಹೋಯಿತು, ಮಾರಿದವನು ಬದಲಿ ಕೊಡಲಿಲ್ಲ. ಮತ್ತೆ ಸ್ಟೀಲ್-ನೈಲಾನ್.

ದಾರಿ ತೋರಿಸಿದ್ದು ಮಾ ಯುವಾನ್. ಇದೇ ಊರು ದಕ್ಷಿಣ ಸೋಂಗ್ ರಾಜವಂಶದ ರಾಜಧಾನಿಯಾಗಿದ್ದಾಗ ಆಸ್ಥಾನದಲ್ಲಿದ್ದ ಚಿತ್ರಕಾರ. ಅವನದು ಎನ್ನುವ ಒಂಟಿ ಬೆಸ್ತನ ಚಿತ್ರ ನೋಡಿರುತ್ತೀರಿ: ಒಂದು ದೋಣಿ, ಸುತ್ತ ನಾಲ್ಕಾರು ನೀರಿನ ಗೆರೆ, ಉಳಿದಿದ್ದೆಲ್ಲ ಖಾಲಿ. ಆದರೂ ನೀರೇ ಕಾಣುತ್ತದೆ. ಗುಚಿನ್‌ನಲ್ಲೂ ಅಷ್ಟೇ ಅಲ್ವಾ? ಮೀಟಿದ ನಾದ ಕರಗುತ್ತ ಹೋದರೂ ಎಡಗೈ ಜಾರುತ್ತಲೇ ಇರುತ್ತದೆ, ಕೊನೆಗೆ ಕೇಳುವುದು ಬೆರಳು ತಂತಿಯನ್ನು ಉಜ್ಜುವ ಸದ್ದು ಮಾತ್ರ. ಮಸಿ ತೀರುತ್ತ ಬಂದಾಗ ಗೆರೆಯೊಳಗೆ ಕಾಗದ ಬಿಳಿಬಿಳಿಯಾಗಿ ಇಣುಕುವ ಫೇಯ್‌ಬಾಯ್ ಇದೆಯಲ್ಲ, ಅದೇ ಇದು.

ಮಾಡಿದ್ದು ಇಷ್ಟೆ. ಪ್ರತಿ ಜಾರಿಗೂ ಒಂದೇ ಉಸಿರಿನಲ್ಲಿ ಒಂದು ಗೆರೆ. ಬ್ರಷ್ ಒತ್ತಿದ ಜಾಗ ಮೀಟು, ಹೆಬ್ಬೆರಳು ಒಂಬತ್ತನೇ ಹುಯಿಯಿಂದ ಏಳಕ್ಕೆ ಹೋಗುವುದು ಎಳೆತ, ಬಿಳಿ ಕಾಣಿಸಿದ ಕಡೆ ಬೆರಳು ನಿಧಾನ. ಬ್ರಷ್ ಎತ್ತಿದ ಮೇಲೂ ಕೈ ಗಾಳಿಯಲ್ಲಿ ಸ್ವಲ್ಪ ಮುಂದೆ ಹೋಗುತ್ತಲ್ಲ, ಅಲ್ಲಿಯವರೆಗೂ ಮುಂದಿನ ಮೀಟು ಹಾಕುವ ಹಾಗಿಲ್ಲ. ಆಮೇಲೆ ಆ ಹಾಳೆ ಮುಂದಿಟ್ಟುಕೊಂಡು ನುಡಿಸುವುದು. ದುಬಾರಿ ಶುಆನ್ ಕಾಗದಕ್ಕೆ ದುಡ್ಡು ಸುರಿಯಬೇಡಿ, ಅಭ್ಯಾಸದ ಅಗ್ಗದ ಕಾಗದ ಮಾವ್‌ಬ್ಯೆನ್ ಸಾಕು, ಒಂದು ಕಟ್ಟು ಇಪ್ಪತ್ತು ಯುವಾನ್ ಆಸುಪಾಸು. ಬ್ರಷ್‌ನಲ್ಲಿ ನೀರು ಎಷ್ಟಿರಬೇಕು ಅನ್ನುವುದನ್ನು ಮಾತ್ರ ಹೇಳಲ್ಲ, ಅದಕ್ಕೆ ನನ್ನ ಒಂದು ಚಳಿಗಾಲ ಹೋಗಿದೆ.

ನಡುವೆ ಸುಮ್ನೆ ಗುಚಿನ್‌ನಲ್ಲಿ ಮೋಹನ ರಾಗ ನುಡಿಸಿ ನೋಡಿದೆ, ಸ್ವರ ಹೇಗೂ ಅವೇ ಐದು. ಗಮಕ ಜಾಸ್ತಿಯಾದಷ್ಟೂ ನಾದ ಬೇಗ ಸತ್ತಿತು. ಊರಿಗೆ ಬಂದಾಗ ಇದೇ ಗೆರೆ ಲೆಕ್ಕ ವೀಣೆಗೂ ಹಾಕಿದೆ. ಆಲಾಪನೆಗೆ ಚೆನ್ನಾಗಿ ಒದಗಿತು, ಲಯ ಹಿಡಿದು ಮೀಟುವ ತಾನಕ್ಕೆ ಬಂದ ಕೂಡಲೇ ಎಲ್ಲ ಕುಸಿಯಿತು.

ಈಗ ಗುವೊ ಚುವಾಂಗ್‌ನ ಶಿಯಾವ್‌ಶಿಯಾಂಗ್ ಶ್ವೇಯ್‌ಯುನ್ ಎಂಬ ಕೃತಿ ಹಿಡಿದಿದ್ದೇನೆ. ಅದರ ಅಲೆಯಂಥ ಜಾರುಗಳಿಗೆ ಒಣ ಗೆರೆ ಆಗುತ್ತಿಲ್ಲ, ಹಸಿ ಮಸಿಯೇ ಬೇಕು ಅನ್ನಿಸುತ್ತಿದೆ. ಗುರುಗಳು ಬೇಡ ಎಂಬಂತೆ ಮತ್ತೆ ತಲೆಯಾಡಿಸುತ್ತಿದ್ದಾರೆ. ನಾನು ಇನ್ನೊಂದು ಕಟ್ಟು ಕಾಗದ ತರಿಸಿದ್ದೇನೆ.