ಕೇಸಿನ ಕುತ್ತಿಗೆ ಎಲ್ಲಿ ಹಾಳಾಯಿತು?

ಹಾರಿಸಿದ ಕಾಟ್ರಿಡ್ಜ್‌ನ ಖಾಲಿ ಹಿತ್ತಾಳೆ ಕೇಸನ್ನು ಮತ್ತೆ ತುಂಬಿಸುವಾಗ (ರೀಲೋಡ್) ಅದರ ಕುತ್ತಿಗೆಯಲ್ಲಿ, ಅಂದರೆ ಬುಲೆಟ್ ಹಿಡಿಯುವ ಕಿರಿದಾದ ಭಾಗದಲ್ಲಿ, ಗೆರೆ ಕಂಡರೆ ತಕ್ಷಣ ಸೈಜಿಂಗ್ ಡೈ (ಹಿಗ್ಗಿದ ಕೇಸನ್ನು ಸರಿ ಅಳತೆಗೆ ಒತ್ತುವ ಅಚ್ಚು) ಬಿಚ್ಚಬೇಡಿ. ನಾನು ಬಿಚ್ಚಿದ್ದೆ. ಎರಡು ಸಂಜೆ ಅದನ್ನು ತೊಳೆದು, ಒರೆಸಿ, ಮತ್ತೆ ಸೆಟ್ ಮಾಡಿದೆ. ಗೆರೆ ಹೋಗಲಿಲ್ಲ. ಡೈ ಪಾಪ, ಏನೂ ಮಾಡಿರಲಿಲ್ಲ. ನನ್ನದು .308 ವಿಂಚೆಸ್ಟರ್ ಕಾಟ್ರಿಡ್ಜ್‌ನ ಸೆಮಿ ಆಟೋ, ಅಂದರೆ ಖಾಲಿ ಕೇಸನ್ನು ತಾನೇ ಹೊರಗೆಸೆಯುವ ರೈಫಲ್. ಖಾಲಿ ಕೇಸ್ ಹೊರಗೆ ಹಾರುವಾಗ ಅದರ ಬಾಯಿ ರಿಸೀವರ್ (ರೈಫಲ್‌ನ ಯಂತ್ರಭಾಗದ ಗೂಡು) ಅಂಚಿಗೆ ಬಡಿದು ನೆಗ್ಗುತ್ತಿತ್ತು. ಡೈಯೊಳಗಿನ ಎಕ್ಸ್‌ಪ್ಯಾಂಡರ್ ಉಂಡೆ ಆ ನೆಗ್ಗನ್ನು ಒಳಗಿಂದ ತಳ್ಳಿ ಎಬ್ಬಿಸುತ್ತಿತ್ತು, ಗೆರೆ ಮಾತ್ರ ಉಳಿಯುತ್ತಿತ್ತು. ಸೈಜ್ ಮಾಡುವ ಮುಂಚೆ ಕೇಸನ್ನು ಒಮ್ಮೆಯೂ ನೋಡದೇ ಇದ್ದದ್ದು ನನ್ನ ತಪ್ಪು.

ಈಗ ಐದು ಕೇಸ್ ಬೇರೆ ಇಟ್ಟು, ಭೂತಗನ್ನಡಿ ಹಿಡಿದು ಮೂರು ಸಲ ನೋಡುತ್ತೇನೆ: ಹಾರಿಸಿದ ಮೇಲೆ, ಸೈಜ್ ಆದ ಮೇಲೆ, ಬುಲೆಟ್ ಕೂರಿಸಿದ ಮೇಲೆ. ಮೊದಲ ಸಲವೇ ನೆಗ್ಗು ಕಂಡರೆ ರೈಫಲ್ ಮೇಲೆ ಅನುಮಾನ. ರೇಂಜ್‌ನಲ್ಲಿ ಕೇಸಿನ ತಳಕ್ಕೆ ಮಾರ್ಕರ್‌ನಿಂದ ಗುರುತು ಹಾಕಿ, ಗುರುತು ಮೇಲಿರುವಂತೆ ಒಂದೊಂದೇ ಲೋಡ್ ಮಾಡಿ ಹಾರಿಸಿ. ಪ್ರತಿ ಸಲ ಗುರುತಿನಿಂದ ಅಷ್ಟೇ ದೂರದಲ್ಲಿ ನೆಗ್ಗಿದ್ದರೆ ರೈಫಲ್‌ನದೇ ಕೆಲಸ. ಅಲ್ಲೊಂದು ಇಲ್ಲೊಂದು ಇದ್ದರೆ ಕೇಸ್ ಎಲ್ಲೋ ಕೆಳಗೆ ಬಿದ್ದಿರುತ್ತದೆ, ಅಷ್ಟೇ.

ಸೈಜ್ ಆದ ಮೇಲೆ ಉದ್ದಕ್ಕೆ ಗೀರು ಬಂದಿದ್ದರೆ ಅದೇ ಕೇಸನ್ನು ಅರ್ಧ ಸುತ್ತು ತಿರುಗಿಸಿ ಇನ್ನೊಮ್ಮೆ ಸೈಜ್ ಮಾಡಿ. ಎದುರು ಬದಿಯಲ್ಲಿ ಎರಡನೇ ಗೀರು ಬಂದರೆ ಡೈಯೊಳಗೆ ಹಿತ್ತಾಳೆ ಚೂರೋ ಮರಳೋ ಕಚ್ಚಿಕೊಂಡಿದೆ. ಆಗ ಬಿಚ್ಚಿ, ತೊಳೆಯಿರಿ.

ಕೇಸನ್ನು ಡೈಗೆ ಒತ್ತುವ ಪ್ರೆಸ್‌ನ ಹಿಡಿ ಎತ್ತುವಾಗ ಕೀಚ್ ಅಂದರೆ ಕುತ್ತಿಗೆಯ ಒಳಗೆ ಲೂಬ್ (ಜಾರುವಂತೆ ಹಚ್ಚುವ ಜಿಡ್ಡು) ಇಲ್ಲ ಅಂತ. ಉಂಡೆ ಒಳಗೋಡೆಯನ್ನು ಗೀರುತ್ತಾ ಕುತ್ತಿಗೆಯನ್ನು ಉದ್ದಕ್ಕೆ ಎಳೆಯುತ್ತದೆ. .308 ವಿಂಚೆಸ್ಟರ್ ಕೇಸಿನ ಉದ್ದ 51.18 ಮಿ.ಮೀ. ದಾಟಬಾರದು. ದಾಟಿದರೆ ಬಾಯಿ ಚೇಂಬರಿನ (ರೈಫಲ್‌ನಲ್ಲಿ ಕಾಟ್ರಿಡ್ಜ್ ಕೂರುವ ಜಾಗ) ಕೊನೆಗೆ ಒತ್ತಿ ಬುಲೆಟ್ ಬಿಗಿ ಹಿಡಿಯುತ್ತದೆ, ಒತ್ತಡ ಏರುತ್ತದೆ. ಇದನ್ನು ಕಣ್ಣಳತೆಗೆ ಬಿಡಬೇಡಿ, ಕ್ಯಾಲಿಪರ್ ಹಿಡಿಯಿರಿ.

ಬುಲೆಟ್ ಕೂರಿಸುವಾಗ ಬಾಯಲ್ಲಿ ತಾಮ್ರದ ಸುರುಳಿ ಎದ್ದರೆ ಒಳಅಂಚು ಚೇಂಫರ್ ಆಗಿಲ್ಲ, ಅಂದರೆ ಓರೆಯಾಗಿ ಹೆರೆದಿಲ್ಲ. ಶೋಲ್ಡರ್ (ಕುತ್ತಿಗೆಯ ಕೆಳಗಿನ ಇಳಿಜಾರು) ಉಬ್ಬಿದರೆ ಬುಲೆಟ್ ಕೂರಿಸುವ ಸೀಟಿಂಗ್ ಡೈ ಜಾಸ್ತಿ ಕೆಳಗಿಳಿದು ಕ್ರಿಂಪ್ ಒತ್ತುತ್ತಿದೆ, ಅಂದರೆ ಬಾಯಂಚನ್ನು ಬುಲೆಟ್‌ಗೆ ಅಮುಕುತ್ತಿದೆ.

ಬಿರುಕಿನ ವಿಷಯದಲ್ಲಿ ಮಾತ್ರ ಚೌಕಾಸಿ ಇಲ್ಲ. ಕೂದಲೆಳೆಯಷ್ಟಿದ್ದರೂ ಇಕ್ಕಳದಲ್ಲಿ ಅಮುಕಿ ಬಿಸಾಡಿ. ಹಿತ್ತಾಳೆ ಹಾರಿಸಿದಾಗ ಹಿಗ್ಗಿ, ಡೈಯಲ್ಲಿ ಕುಗ್ಗಿ ಗಡಸಾಗುತ್ತದೆ. ಒಂದೇ ಬ್ಯಾಚ್‌ನಲ್ಲಿ ಮೂರ್ನಾಲ್ಕು ಸೀಳಿದರೆ ಉಳಿದವಕ್ಕೂ ಆ ಹೊತ್ತು ಬಂದಿದೆ ಅಂತ ಅರ್ಥ. ಕಾಯಿಸಿ ಮೆತ್ತಗೆ ಮಾಡುವುದಾದರೆ ಕುತ್ತಿಗೆ, ಶೋಲ್ಡರ್ ಮಾತ್ರ. ತಳಕ್ಕೆ ಬಿಸಿ ತಾಗಲೇಬಾರದು. ತಳ ಮೆತ್ತಗಾದರೆ ಒತ್ತಡ ತಡೆಯದೆ ಗ್ಯಾಸ್ ನಿಮ್ಮ ಮುಖದ ಕಡೆ ಬರಬಹುದು.

ಹಾರಿಸದೆ ಡಬ್ಬಿಯಲ್ಲಿದ್ದ ಕೇಸೇ ಸೀಳಿದ್ದರೆ? ಅಮೋನಿಯ ನೆನಪಿಸಿಕೊಳ್ಳಿ. 19ನೇ ಶತಮಾನದಲ್ಲಿ ಬ್ರಿಟಿಷ್ ಸೇನೆ ಭಾರತದಲ್ಲಿ ಮಳೆಗಾಲಕ್ಕೆ ಕುದುರೆ ಲಾಯದಲ್ಲಿ ಕಾಟ್ರಿಡ್ಜ್ ಇಟ್ಟಾಗ ಹೀಗೆ ಸೀಳಿದ್ದವು. ಕುದುರೆ ಗಂಜಲದ ಅಮೋನಿಯವೇ ಕಾರಣ. ಅಮೋನಿಯ ಇರುವ ಹಿತ್ತಾಳೆ ಪಾಲಿಶ್ ಕೇಸಿಗೆ ಬೇಡ.

ಕುತ್ತಿಗೆ ಮೇಲಿನ ತೆಳು ಮಸಿಗೆ ಹೆದರಬೇಡಿ, ಅದು ಸಹಜ.

ಅಂದ ಹಾಗೆ, ನನ್ನ ರಿಸೀವರ್ ಅಂಚಿಗೆ ಒಂದು ತುಂಡು ವೆಲ್ಕ್ರೋ, ಮೆತ್ತನೆಯ ಬದಿ, ಅಂಟಿಸಿದೆ. ನೆಗ್ಗು ನಿಂತಿತು.