ಫೆಚ್ ಮಾಕ್ ಮಾಡ್ತೀರಾ? ಅವೇಟ್ ಇದೆಯಾ ನೋಡಿಕೊಳ್ಳಿ

ಜಾವಾಸ್ಕ್ರಿಪ್ಟ್‌ನಲ್ಲಿ ಸರ್ವರ್‌ನಿಂದ ಡೇಟಾ ತರುವುದು ಫೆಚ್; ಟೆಸ್ಟ್‌ನಲ್ಲಿ ಅದರ ಬದಲು ನಕಲಿ ಉತ್ತರ ಕೊಡುವುದು ಮಾಕ್. ಟೆಸ್ಟ್‌ನೊಳಗೆ ಪ್ರಾಮಿಸ್‌ಗೆ (ಆಮೇಲೆ ಬರಲಿರುವ ಉತ್ತರಕ್ಕೆ) ಅವೇಟ್ (ಅದು ಬರುವವರೆಗೆ ಕಾಯುವ ಸೂಚನೆ) ಹಾಕದಿದ್ದರೆ, ಅದನ್ನು ರಿಟರ್ನ್ ಕೂಡ ಮಾಡದಿದ್ದರೆ, ಉತ್ತರ ಬರುವ ಮೊದಲೇ ಟೆಸ್ಟ್ ಮುಗಿದು ಹಸಿರು ಟಿಕ್ ಬಿದ್ದುಬಿಡಬಹುದು. ನನ್ನದೊಂದು ಟೆಸ್ಟ್ ಹೀಗೇ ಬಹಳ ದಿನ ಪಾಸಾಗುತ್ತಿತ್ತು. ಅನುಮಾನ ಬಂದು, ಉತ್ತರ ಸರಿಯಿದೆಯಾ ಎಂದು ತಾಳೆ ನೋಡುವ ಎಕ್ಸ್‌ಪೆಕ್ಟ್‌ನಲ್ಲಿ ಬೇಕೆಂದೇ ತಪ್ಪು ಹೆಸರು ಹಾಕಿದೆ, ಆಗಲೂ ಪಾಸ್! ಈಗ ಪ್ರತಿ ಹೊಸ ಟೆಸ್ಟನ್ನೂ ಮೊದಲು ಒಮ್ಮೆ ಫೇಲ್ ಮಾಡಿಸಿ ನೋಡುತ್ತೇನೆ. ಜೆಸ್ಟ್ ಎಂಬ ಟೆಸ್ಟಿಂಗ್ ಟೂಲ್ ಬಳಸುವವರು ಟೆಸ್ಟ್‌ನ ಮೊದಲ ಸಾಲಿನಲ್ಲೇ ಎಕ್ಸ್‌ಪೆಕ್ಟ್.ಅಸರ್ಷನ್ಸ್(1) ಎಂದು ಬರೆದಿಟ್ಟರೆ, ಒಂದೂ ಎಕ್ಸ್‌ಪೆಕ್ಟ್ ನಡೆಯದಿದ್ದಾಗ ಅದೇ ಹಿಡಿದುಕೊಡುತ್ತದೆ.

ಇನ್ನೊಂದು ವಿಷಯ. ಸರ್ವರ್ 404 (ಕೇಳಿದ್ದು ಸಿಗಲಿಲ್ಲ) ಅಥವಾ 500 (ಸರ್ವರ್ ದೋಷ) ಕೊಟ್ಟರೂ ಫೆಚ್ ರಿಜೆಕ್ಟ್ ಆಗುವುದಿಲ್ಲ, ಅಂದರೆ ಅದರ ಪ್ರಾಮಿಸ್ ವಿಫಲವಾಗುವುದಿಲ್ಲ; ರೆಸ್ಪಾನ್ಸ್‌ನ ಓಕೆ ಎಂಬ ಗುರುತು ಮಾತ್ರ ಫಾಲ್ಸ್ ಆಗಿರುತ್ತದೆ. ನೆಟ್‌ವರ್ಕ್ ಕಡಿದಾಗ ರಿಜೆಕ್ಟ್ ಆಗುತ್ತದೆ. ದಯವಿಟ್ಟು ಎರಡಕ್ಕೂ ಬೇರೆ ಬೇರೆ ಮಾಕ್ ಬರೆಯಿರಿ. ಪ್ರತಿ ಟೆಸ್ಟ್ ಆದಮೇಲೆ ಮಾಕ್ ರೀಸೆಟ್ ಮಾಡುವುದನ್ನೂ ಮರೆಯಬೇಡಿ.